ಈ ಪ್ರೋಟೀನ್ ಬಿಸ್ಕೆಟ್, ಪ್ರೋಟೀನ್ ಬ್ರೆಡ್ಡು, ಬಾರು ಎಲ್ಲಾ ತಗೊಳೋದು ವರ್ತಾ?

ಜಿಮ್_ಹೊಸಬ:
ಮನೇಲಿ ಪಕ್ಕಾ ವೆಜ್, ಮೊಟ್ಟೇನೂ ಇಲ್ಲ. ನಾನು 65 ಕೆಜಿ, ಮೂರು ತಿಂಗಳಿಂದ ಜಿಮ್ಮಿಗೆ ಹೋಗ್ತಿದೀನಿ. ನಿನ್ನೆ ಅಂಗಡೀಲಿ ನೋಡ್ತೀನಿ, ಬ್ರೆಡ್ಡಿಂದ ಹಿಡಿದು ಚಿಪ್ಸ್ ತನಕ ಎಲ್ಲದರ ಮೇಲೂ ದಪ್ಪಕ್ಷರದಲ್ಲಿ ಪ್ರೋಟೀನ್ ಅಂತ. ಒಂದು ಬಿಸ್ಕೆಟ್ ಪ್ಯಾಕು ತಗೊಂಡೆ, 20 ಗ್ರಾಂ ಪ್ರೋಟೀನ್ ಇರೋ ಬಾರು 120 ರೂಪಾಯಿ ಅಂದಿದ್ದಕ್ಕೆ ವಾಪಸ್ ಇಟ್ಟೆ. ಅಮ್ಮ ಬೇರೆ "ಆ ದುಡ್ಡಿಗೆ ಮುಕ್ಕಾಲು ಕೆಜಿ ಹುರಿಗಡಲೆ ಬರತ್ತಲ್ಲೋ" ಅಂತಾಳೆ. ತಿಳಿದೋರು ಹೇಳಿ.

ಹಿಂದೆ_ತಿರುಗಿಸಿ_ಓದು:
ಗುರು, ಮುಂದೆ ಬರೆದಿರೋದು ಬಿಟ್ಟಾಕು, ಪ್ಯಾಕೆಟ್ ತಿರುಗಿಸಿ 100 ಗ್ರಾಂ ಕಾಲಮ್ ನೋಡು. ದಿನಕ್ಕೆ ಬೇಕಾಗಿರೋದರಲ್ಲಿ 20 ಪರ್ಸೆಂಟ್ 100 ಗ್ರಾಮಲ್ಲಿ ಇದ್ರೆ ಸಾಕು, ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆ ನೋಡ್ಕೊಳೋ ಸರ್ಕಾರಿ ಸಂಸ್ಥೆ) ರೂಲ್ಸ್ ಪ್ರಕಾರ ಹೈ ಪ್ರೋಟೀನ್ ಅಂತ ಹಾಕ್ಕೋಬೋದು, ಅಂದ್ರೆ ಸುಮಾರು 11 ಗ್ರಾಂ. ಬರೀ ಗೋಧಿಹಿಟ್ಟಲ್ಲೇ ಹತ್ತತ್ರ ಅಷ್ಟಿರತ್ತೆ! ಆಮೇಲೆ ಪ್ರೋಟೀನ್ ಗ್ರಾಮನ್ನ 4ರಿಂದ ಗುಣಿಸಿ (ಗ್ರಾಮಿಗೆ 4 ಕ್ಯಾಲೊರಿ ಲೆಕ್ಕ) ಒಟ್ಟು ಕ್ಯಾಲೊರಿ ಪಕ್ಕ ಇಟ್ಟು ನೋಡು. 480 ಕ್ಯಾಲೊರಿ ಬಿಸ್ಕೆಟಲ್ಲಿ ಪ್ರೋಟೀನಿಂದ ಬರೋದು 44 ಅಂದ್ರೆ ಮಿಕ್ಕಿದ್ದೆಲ್ಲ ಹಿಟ್ಟು, ಸಕ್ಕರೆ, ಎಣ್ಣೆ ತಾನೆ. ಐಸಿಎಂಆರ್ (ಸರ್ಕಾರದ ವೈದ್ಯಕೀಯ ಸಂಶೋಧನಾ ಮಂಡಳಿ) ಲೆಕ್ಕದಲ್ಲಿ ದಿನಕ್ಕೆ ಮೈತೂಕದ ಕೆಜಿಗೆ 0.83 ಗ್ರಾಂ, ನಿನಗೆ 54 ಬಂತು, ಜಿಮ್ ಮಾಡೋರಿಗೆ ಇನ್ನೂ ಜಾಸ್ತಿನೇ ಬೇಕು, ಅದನ್ನ ಬಿಸ್ಕೆಟಲ್ಲಿ ತುಂಬ್ಸೋಕೆ ಹೋದ್ರೆ ಮುಗೀತು ಕತೆ.

ಹುರುಳಿ_ಸಾರು:
ನಿಮ್ಮಮ್ಮ ಹೇಳಿದ್ದೇ ಸರಿ ಮಗಾ. ಹುರಿಗಡಲೇಲಿ 100ಕ್ಕೆ 20ರ ಮೇಲಿದೆ, ಹುರುಳಿಕಾಳಲ್ಲೂ ಅಷ್ಟೇ. ಎಲ್ಲಕ್ಕಿಂತ ಚೀಪ್ ಅಂದ್ರೆ ಮೀಲ್ ಮೇಕರ್ (ಸೋಯಾ ಚಂಕ್ಸ್), ಒಣಗಿದ್ದು 100 ಗ್ರಾಮಿಗೆ 52 ಗ್ರಾಂ, ಬಿಸಿನೀರಲ್ಲಿ ನೆನೆಸಿ ಚೆನ್ನಾಗಿ ಹಿಂಡಿ ಹಾಕು ಇಲ್ಲಾಂದ್ರೆ ವಾಸನೆ. ಗ್ರಾಂ ಪ್ರೋಟೀನಿಗೆ ಒಂದು ರೂಪಾಯೀನೂ ಬೀಳಲ್ಲ, ನಿನ್ನ ಬಾರಿಗೆ 6 ರೂಪಾಯಿ. ಕಡ್ಲೆಬೀಜ ಮಾತ್ರ ನೋಡ್ಕೊಂಡು ತಿನ್ನು, 25 ಗ್ರಾಂ ಪ್ರೋಟೀನ್ ಏನೋ ಇದೆ ಆದ್ರೆ ಅರ್ಧ ಎಣ್ಣೆನೇ.

ರಾತ್ರಿ_ಬಸ್ಸು:
ಎಲ್ಲಾ ಬಾರೂ ದಂಡ ಅನ್ಬೇಡ್ರಪ್ಪಾ. ವಾರವಾರ ಬೆಂಗಳೂರು–ಹುಬ್ಬಳ್ಳಿ ಓಡಾಡೋಳು ನಾನು, ರಾತ್ರಿ ಬಸ್ಸಲ್ಲಿ ಹುರುಳಿ ಸಾರು ಎಲ್ಲಿಂದ ತರ್ಲಿ? ಚಿಪ್ಸ್ ಬದಲು ಬಾರ್ ತಿಂದ್ರೆ ಲಾಭನೇ, ಊಟ ಮಾಡಿ ಮೇಲೊಂದು ಬಾರ್ ತಿಂದ್ರೆ ದಂಡ. ಆದ್ರೆ ಶುಗರ್ ಫ್ರೀ ಅಂತ ಸಕ್ಕರೆ ಬದಲು ಮಾಲ್ಟಿಟಾಲ್ ಅನ್ನೋ ಸಿಹಿ ಹಾಕಿರೋದು ತಗೋಬೇಡ, ಒಂದ್ಸಲ ಎರಡು ತಿಂದು ದಾವಣಗೆರೆ ಬರೋ ಅಷ್ಟ್ರಲ್ಲಿ ನನ್ನ ಹೊಟ್ಟೆ ಪಾಡು ಕೇಳ್ಬೇಡಿ. ಇನ್ನೊಂದು, ನೀನು ವೆಜ್ ಅಂದ್ಯಲ್ಲ, ಕೊಲಾಜೆನ್ ಅಂತಿದ್ರೆ ಅದು ಮೀನಿಂದೋ ದನದ ಚರ್ಮದಿಂದೋ ತೆಗೆಯೋದು, ಟ್ರಿಪ್ಟೋಫಾನ್ ಅನ್ನೋ ಅಮೈನೋ ಆಸಿಡ್ಡೇ ಇಲ್ಲ ಅದ್ರಲ್ಲಿ, ಹಸಿರು ಚುಕ್ಕೆ ನೋಡ್ಕೋ.

ಜಿಮ್_ಹೊಸಬ:
ಥ್ಯಾಂಕ್ಸ್ ಎಲ್ರಿಗೂ. ಬಿಸ್ಕೆಟ್ ತಿರುಗಿಸಿ ನೋಡ್ದೆ, ಮೊದಲನೇ ಐಟಮ್ಮೇ ಮೈದಾ, ಎರಡನೇದು ಸಕ್ಕರೆ 🤦 ಹೆಚ್ಚು ಇರೋದನ್ನೇ ಮೊದಲು ಬರೀತಾರಂತೆ ಅದ್ರಲ್ಲಿ. ಇವತ್ತು ಹುರಿಗಡಲೆ ಒಂದು ಕೆಜಿ ತಂದೆ. ಬಾರೂ ಎರಡು ತಂದು ಆಫೀಸ್ ಬ್ಯಾಗಲ್ಲಿ ಇಟ್ಕೊಂಡಿದೀನಿ, ಅಮ್ಮಂಗೆ ಹೇಳಿಲ್ಲ.