ಗುರು ಮಾತು ಕೇಳಲಾ, ಒಳಗಿನ ಮಾತು ಕೇಳಲಾ? ಯೋಗ ಮಾಡುವ ಹೆಂಗಸರು ಅನುಭವ ಹೇಳಿ

ಜಯನಗರ ಬೆಳಗು: ವಯಸ್ಸು 43. ಅಷ್ಟಾಂಗ ಯೋಗದ ಮೊದಲ ಸರಣಿ ಪ್ರೈಮರಿ ಮುಗಿಸಿ ಎರಡನೆಯದಾದ ಇಂಟರ್‌ಮೀಡಿಯೆಟ್‌ಗೆ ಬಂದಿದ್ದೇನೆ. ಈಚೆಗೆ ಮುಟ್ಟು ಏರುಪೇರಾಗಿದೆ. ಮಂಡಿಯೂರಿ ಹಿಂದಕ್ಕೆ ಬಾಗುವ ಕಪೋತಾಸನದ ಸರದಿ ಬಂದಾಗ ಒಳಗಿನಿಂದ ಯಾರೋ ‘ಬೇಡ’ ಅಂದ ಹಾಗಾಗುತ್ತದೆ. ಮೇಷ್ಟ್ರು ಅದು ಬರೀ ಭಯ, ಮುಂದುವರಿಸಿ ಅನ್ನುತ್ತಾರೆ. ಗೆಳತಿ ಹೆಂಗಸರಿಗೇ ಅಂತ ನಡೆಯುವ ಒಂದು ಶಕ್ತಿ ಶಿಬಿರಕ್ಕೆ ಕರೆಯುತ್ತಿದ್ದಾಳೆ. ನಮ್ಮೊಳಗಿನ ದೇವಿ ಹೇಳಿದ ಹಾಗೆ ಅಭ್ಯಾಸ ಮಾಡಿ ಅನ್ನುವುದು ಅವರ ದಾರಿಯಂತೆ. ಫೀಸು 18,000. ಒಳಗಿನ ಮಾತನ್ನು ನಂಬಿ ನಡೆದವರು ಇದ್ದರೆ ದಯವಿಟ್ಟು ಬರೆಯಿರಿ.

ಮಂಡಿ ಮಾಲತಿ: ನಂಬಿ ಅಂತಲೇ ನಾನು ಹೇಳುವುದು. ಕಾಲು ಮಡಚಿ ಸೊಂಟ ತಿರುಗಿಸುವ ಮರೀಚ್ಯಾಸನ ಡಿ ಮಾಡುವಾಗ ನನ್ನ ಎಡ ಮಂಡಿ ವಾರಗಟ್ಟಲೆ ಬೇಡ ಬೇಡ ಅನ್ನುತ್ತಿತ್ತು. ಕಲಿಸುತ್ತಿದ್ದ ಆ ಮಹಾನುಭಾವ ಬಂದು ತೊಡೆ ಮೇಲೆ ಭಾರ ಬಿಟ್ಟ. ಟಕ್ ಅಂತ ಸದ್ದು ಬಂತು. ಪಕ್ಕದ ಮ್ಯಾಟಿನವಳಿಗೂ ಕೇಳಿಸಿತು. ಮಂಡಿಯೊಳಗಿನ ಮೆತ್ತೆ, ಮೆನಿಸ್ಕಸ್, ಹರಿದಿತ್ತು. ಎಂಆರ್‌ಐ 7,500. ಮೂಳೆ ಡಾಕ್ಟರಿಗೆ ಪ್ರತಿ ಸಲ 900. ಫಿಸಿಯೋ ಸಲಕ್ಕೆ 700. ಮಂಡಿಗೆ ಹಾಕುವ ಬೆಲ್ಟು 1,450, ಅದೂ ಸೈಜು ತಪ್ಪಿ ಎರಡು ಸಲ ಕೊಂಡೆ. ಕುಕ್ಕರುಗಾಲಲ್ಲಿ ಕೂರಲು ಆಗದೆ ಊರಿನ ಮನೆಯಲ್ಲಿ ಕಮೋಡ್ ಹಾಕಿಸಿದೆವು. ಪ್ಲಂಬರ್ ಕೂಲಿ, ಟೈಲ್ಸು ಸೇರಿ 16,000. ಅಪ್ಪನ ತಿಥಿಗೆ ಎಲ್ಲರೂ ಕೆಳಗೆ ಕೂತು ಊಟ ಮಾಡಿದರು, ನಾನೊಬ್ಬಳು ಪ್ಲಾಸ್ಟಿಕ್ ಕುರ್ಚಿ ಮೇಲೆ. ಈಗ ಮನೆಯಲ್ಲೇ ಒಬ್ಬಳೇ ಮಾಡುತ್ತೇನೆ. ಮೈ ಒಪ್ಪಿದಷ್ಟು. ಯಾವ ಗುರುವೂ ಬೇಡ.

ಗೋಕುಲಂ ಎಳನೀರು: ಎಲ್ಲದಕ್ಕೂ ಗುರುಗಳನ್ನು ಬೈಯುವುದು ಈಗ ಫ್ಯಾಷನ್ ಆಗಿಬಿಟ್ಟಿದೆ. ನಾನು ಹಾಸನದಿಂದ ಮೈಸೂರಿಗೆ ಬಂದು ಗೋಕುಲಂನಲ್ಲಿ ರೂಮು ಮಾಡಿಕೊಂಡು ಕಲಿತವಳು. ಸೀಸನ್‌ನಲ್ಲಿ ಫಾರಿನ್‌ನವರು ಬಂದರೆ 12,000ದ ರೂಮಿಗೆ 26,000 ಕೇಳುತ್ತಾರೆ. ಓನರ್ ನಮ್ಮವರೇ ಆದರೂ ಬಿಡಿಗಾಸು ಇಳಿಸುವುದಿಲ್ಲ. ಬೆಳಗಿನ ಜಾವ ಮೂರೂವರೆಗೆ ಎದ್ದು ತಣ್ಣೀರು ಸ್ನಾನ, ಗೀಸರ್‌ಗೆ ಬೇರೆ ದುಡ್ಡು. ಸುಪ್ತ ಕೂರ್ಮಾಸನದಲ್ಲಿ ದಿನಾ ಅಳುತ್ತಿದ್ದೆ. ನನ್ನ ‘ಒಳಗಿನ ಮಾತು’ ಅವತ್ತು ಹೇಳಿದ್ದು ಒಂದೇ: ಬಸ್ ಹತ್ತಿ ಮನೆಗೆ ಹೋಗು, ಅಮ್ಮ ಅಕ್ಕಿ ರೊಟ್ಟಿ ಮಾಡಿರುತ್ತಾಳೆ. ಕೇಳಿದ್ದರೆ ಇವತ್ತು ನಾನು ಕ್ಲಾಸ್ ನಡೆಸುತ್ತಿರಲಿಲ್ಲ.

ಇನ್ನೊಂದು ಮಾತು. ಅಷ್ಟಾಂಗದ ಮೈಸೂರು ಪದ್ಧತಿಯಲ್ಲೇ ರಜೆ ಇದೆ. ಶನಿವಾರ ಇಲ್ಲ. ಹುಣ್ಣಿಮೆ, ಅಮಾವಾಸ್ಯೆ ಇಲ್ಲ. ಮುಟ್ಟಾದರೆ ಮೊದಲ ಮೂರು ದಿನ ಇಲ್ಲ, ‘ಲೇಡೀಸ್ ಹಾಲಿಡೇ’ ಅಂತಲೇ ಅನ್ನುತ್ತೇವೆ. ಹೆಂಗಸರ ಮೈ ಬಗ್ಗೆ ಪರಂಪರೆಗೆ ಗೊತ್ತಿರುವುದನ್ನು 18,000 ಕೊಟ್ಟು ಇನ್ನೆಲ್ಲೋ ಯಾಕೆ ಕೇಳಬೇಕು?

ಮಂಡಿ ಮಾಲತಿ: ಪರಂಪರೆ ಅಂತೀರಲ್ಲ, ಅದು ಶುರುವಾದ ಮೈಸೂರು ಅರಮನೆಯ ಯೋಗಶಾಲೆಯಲ್ಲಿ ಕಲಿಯುತ್ತಿದ್ದವರು ಬಹುಪಾಲು ಹುಡುಗರು. 1930ರ ದಶಕದಲ್ಲಿ ಇಂದ್ರಾದೇವಿ ಎಂಬ ವಿದೇಶಿ ಮಹಿಳೆ ಬಂದು ಕಲಿಸಿ ಅಂತ ಕೇಳಿದಾಗ ಅಲ್ಲಿನ ಗುರು ಕೃಷ್ಣಮಾಚಾರ್ಯರು ಮೊದಲು ಆಗಲ್ಲ ಅಂದಿದ್ದರು. ನಾಲ್ವಡಿಯವರು ಹೇಳಿದ ಮೇಲೆ ಸೇರಿಸಿಕೊಂಡಿದ್ದು. ಹಾರಿ ಹಿಂದಕ್ಕೆ ಹೋಗುವ ಆ ಕ್ರಮವನ್ನು ಎರಡು ಹೆತ್ತವಳ ಸೊಂಟ ನೋಡಿ ಮಾಡಿದ್ದಾ?

ಗೋಕುಲಂ ಎಳನೀರು: ಅದೇ ಇಂದ್ರಾದೇವಿ ಅಷ್ಟು ಕಟ್ಟುನಿಟ್ಟಿನಲ್ಲೂ ಬಿಡದೆ ಕಲಿತರು. 1940ರ ದಶಕದ ಕೊನೆಯಲ್ಲಿ ಹಾಲಿವುಡ್‌ನಲ್ಲಿ ಶಾಲೆಯನ್ನೂ ತೆರೆದರು. ಅರ್ಧ ಕಥೆ ಹೇಳಬೇಡಿ.

ಎಚ್‌ಬಿ ಆರು: ಶಕ್ತಿ ಶಿಬಿರ ಅಂದ ತಕ್ಷಣ ಕೈ ನಡುಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ನಾನು ಹೋದ ಶಿಬಿರದ ಹೆಸರು ಬೇಡ. ಫೀಸು 18,000, ಮೇಲೆ ಜಿಎಸ್‌ಟಿ 3,240. ಕೆಂಪು ಸೀರೆ ಉಟ್ಟೇ ಬರಬೇಕು. ಇರಲಿಲ್ಲ, 2,200 ಕೊಟ್ಟು ತಂದೆ. ತಾಮ್ರದ ಶ್ರೀಚಕ್ರ 2,600, ಕಡ್ಡಾಯ ಅಲ್ಲವಂತೆ, ಆದರೆ ತಗೊಳ್ಳದವಳನ್ನು ವೃತ್ತದ ಹೊರಗಿನ ಸಾಲಿಗೆ ಕೂರಿಸಿದರು. ಕೆಳಹೊಟ್ಟೆ ಮೇಲೆ ಕೈ ಇಟ್ಟು ಗರ್ಭಕೋಶದ ಜೊತೆ ಮಾತಾಡಿ ಅಂದರು.

ನನಗೆ ಆಗಲೇ ಸ್ರಾವ ಜಾಸ್ತಿ. ಗಂಟೆಗೊಂದು ಪ್ಯಾಡು. ಮೆಟ್ಟಿಲು ಹತ್ತಿದರೆ ಕಣ್ಣು ಕತ್ತಲೆ. ಹೇಳಿದೆ. ಹಳೆ ನೋವೆಲ್ಲ ಹೊರಗೆ ಹೋಗುತ್ತಿದೆ, ತಡೆಯಬೇಡಿ ಅಂದಳು ಶಿಬಿರ ನಡೆಸುವ ಆ ಪುಣ್ಯಾತ್ಗಿತ್ತಿ. ತಿಂಗಳುಗಟ್ಟಲೆ ಹಾಗೇ ಹೋಯಿತು. ಆಫೀಸಿನ ಲಿಫ್ಟಿನಲ್ಲಿ ಬಿದ್ದ ದಿನ ರಕ್ತ ಪರೀಕ್ಷೆ ಮಾಡಿಸಿದರೆ ಎಚ್‌ಬಿ, ಅಂದರೆ ಹಿಮೋಗ್ಲೋಬಿನ್, 6.1. ಹೆಂಗಸರಿಗೆ 12 ಇರಬೇಕು. ಸ್ಕ್ಯಾನಿನಲ್ಲಿ ಗರ್ಭಕೋಶದಲ್ಲಿ ಫೈಬ್ರಾಯ್ಡ್ ಗಡ್ಡೆ, 7 ಸೆಂಟಿಮೀಟರ್. ಎರಡು ಬಾಟಲಿ ರಕ್ತ ಏರಿಸಿ, ಐರನ್ ಡ್ರಿಪ್ ಹಾಕಿ, ಆಮೇಲೆ ಆಪರೇಷನ್. ಬಿಲ್ಲು 1,74,000. ಇನ್ಶೂರೆನ್ಸ್‌ನವರು ಗ್ಲೌಸು, ಹತ್ತಿ, ಅದು ಇದು ಅಂತ 21,000 ಕಡಿದರು.

ನನ್ನ ಒಳಗಿನ ದೇವಿ ಅಷ್ಟು ದಿನವೂ ಡಾಕ್ಟರ ಹತ್ತಿರ ಹೋಗು ಅಂತಲೇ ಹೇಳುತ್ತಿದ್ದಳು ರೀ. ಮೈಕ್ ಹಿಡಿದವಳ ಮಾತು ಅವಳ ಬಾಯಿ ಮುಚ್ಚಿಸಿತು.

ಸಾವಿರ ಮೆಟ್ಟಿಲು: ಒಬ್ಬಳು ಮೋಸ ಮಾಡಿದ್ದಕ್ಕೆ ದೇವಿಯನ್ನೇ ಬೈಯಬೇಡಿ. ನನ್ನದು ಎರಡೂ ಸಿಸೇರಿಯನ್. ಸೀನಿದರೆ ಬಟ್ಟೆ ಒದ್ದೆ. ಕ್ಲಾಸಿನಲ್ಲಿ ಮೂಲಬಂಧ, ಮೂಲಬಂಧ ಅಂತ, ಅಂದರೆ ಕೆಳಗಿನ ಸ್ನಾಯು ಬಿಗಿಹಿಡಿಯಿರಿ ಅಂತ ಕೂಗುತ್ತಿದ್ದವರಿಗೆ ಇದನ್ನು ಹೇಗೆ ಹೇಳುವುದು? ಗಂಡಸು ಮೇಷ್ಟ್ರು. ಸುಮ್ನೆ ಹಿಂದಿನ ಸಾಲಿನಲ್ಲಿ ಕಪ್ಪು ಪ್ಯಾಂಟು ಹಾಕಿಕೊಂಡು ನಿಲ್ಲುತ್ತಿದ್ದೆ. ಇಂಥದ್ದೇ ಒಂದು ಹೆಂಗಸರ ಗುಂಪಿನಲ್ಲಿ ಮೊದಲ ಸಲ ಬಾಯಿಬಿಟ್ಟೆ. ಹೇಳಿಕೊಟ್ಟಾಕೆ ಮೈ ಮುಟ್ಟುವ ಮೊದಲು ‘ಮುಟ್ಟಲಾ?’ ಅಂತ ಕೇಳಿದರು. ಇಷ್ಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ಕೆಳಹೊಟ್ಟೆಯ ತಳದ ಸ್ನಾಯುಗಳಿಗೆ ವ್ಯಾಯಾಮ ಹೇಳಿಕೊಡುವ ಪೆಲ್ವಿಕ್ ಫ್ಲೋರ್ ಫಿಸಿಯೋ ಹತ್ತಿರ ಕಳಿಸಿದ್ದೂ ಅವರೇ.

ಅಸ್ಸಾಮಿನ ಕಾಮಾಖ್ಯದಲ್ಲಿ ಆಷಾಢದ ಅಂಬುಬಾಚಿ ಹಬ್ಬಕ್ಕೆ ದೇವಿ ಮುಟ್ಟಾಗುತ್ತಾಳೆ ಅಂತ ಮೂರು ದಿನ ಗುಡಿ ಬಾಗಿಲು ಹಾಕುತ್ತಾರೆ. ದೇವಿಗೇ ವಿಶ್ರಾಂತಿ ಬೇಕು. ನಾವು ಮಾತ್ರ ಕಪೋತಾಸನದಲ್ಲಿ ಹಿಮ್ಮಡಿ ಹಿಡಿಯಬೇಕಾ?

ಎಚ್‌ಬಿ ಆರು: ದೇವಿಗೆ ವಿಶ್ರಾಂತಿ. ನಮ್ಮ ಅಜ್ಜಿ ಮನೆಯಲ್ಲಿ ವಿಶ್ರಾಂತಿ ಅಂದರೆ ಹಿತ್ತಲ ಕಡೆ ಚಾಪೆ, ಬೇರೆ ಲೋಟ. ಅದಕ್ಕೂ ‘ಶಕ್ತಿ’ ಅಂತ ಹೆಸರಿಡಬೇಡಿ.

ಸಾವಿರ ಮೆಟ್ಟಿಲು: ನಾನು ಹಿತ್ತಲ ಬಗ್ಗೆ ಮಾತೇ ಆಡಿಲ್ಲ. ಓದಿ ಉತ್ತರ ಕೊಡಿ.

ನಿವೃತ್ತ ಮೇಷ್ಟ್ರು: ತಾಯಂದಿರೇ, ಮುಟ್ಟಿನ ದಿನಗಳಲ್ಲಿ ಅಪಾನ ವಾಯು ಎಂಬ ಪ್ರಾಣಶಕ್ತಿ ಕೆಳಮುಖವಾಗಿ ಹರಿಯುತ್ತದೆ. ಶೀರ್ಷಾಸನ, ಸರ್ವಾಂಗಾಸನ ಮಾಡಿದರೆ ಅದಕ್ಕೆ ತಡೆ. ಹಾಗೆಯೇ ಲಲಿತಾ ಸಹಸ್ರನಾಮವನ್ನೂ ಹೇಳಬಾರದು. ಸ್ತ್ರೀಯರ ಅಂತಃಪ್ರಜ್ಞೆ ನಿಯಮದೊಳಗೇ ಅರಳಬೇಕು.

ಮಂಡಿ ಮಾಲತಿ: ಸರ್, ತಮಗೆ ಮುಟ್ಟಿನ ಅನುಭವ ಎಷ್ಟು ವರ್ಷದ್ದು?

ಸಾವಿರ ಮೆಟ್ಟಿಲು: ಸಹಸ್ರನಾಮದಲ್ಲಿ ದೇವಿ ಮೂಲಾಧಾರದಿಂದ ಸಹಸ್ರಾರಕ್ಕೆ ಏರುತ್ತಾಳೆ. ಕ್ಯಾಲೆಂಡರ್ ನೋಡಿ ಏರುತ್ತಾಳಾ? ನಾನು ಆ ದಿನಗಳಲ್ಲೂ ಹೇಳುತ್ತೇನೆ. ನಮ್ಮತ್ತೆಗೂ ಗೊತ್ತು.

ಗೋಕುಲಂ ಎಳನೀರು: ತಲೆಕೆಳಗೆ ನಿಲ್ಲುವುದು ಆ ದಿನಗಳಲ್ಲಿ ಬೇಡ ಅಂತ ಯೋಗಗುರು ಬಿ.ಕೆ.ಎಸ್. ಅಯ್ಯಂಗಾರ್ ಅವರ ಮಗಳು ಗೀತಾ ಅಯ್ಯಂಗಾರ್ ಕೂಡ ಹೇಳುತ್ತಿದ್ದರು. ಹೆಂಗಸರ ಯೋಗದ ಬಗ್ಗೆ ಅವರಷ್ಟು ದುಡಿದವರು ಯಾರಿದ್ದಾರೆ? ಗಂಡಸು ಹೇಳಿದ ಅಂತ ತಪ್ಪಾಗುವುದಿಲ್ಲ.

ನಿವೃತ್ತ ಮೇಷ್ಟ್ರು: ಧನ್ಯವಾದ ತಾಯಿ. ನನ್ನ ಪತ್ನಿ 40 ವರ್ಷ ಈ ನಿಯಮ ಪಾಲಿಸಿದ್ದಾಳೆ.

ಮಂಡಿ ಮಾಲತಿ: ಅವರನ್ನೇ ಬರೆಯಲು ಹೇಳಿ ಸರ್. ಫೋನು ಅವರ ಕೈಗೆ ಕೊಡಿ.

ಜಯನಗರ ಬೆಳಗು: ಎಲ್ಲರಿಗೂ ವಂದನೆ. ನಾನು ಕೇಳಿದ್ದು ಕಪೋತಾಸನ, ಮತ್ತೆ ಏರುಪೇರಾದ ಮುಟ್ಟು...

ಎಚ್‌ಬಿ ಆರು: ಮೊದಲು ರಕ್ತ ಪರೀಕ್ಷೆ, ಥೈರಾಯ್ಡ್, ಸ್ಕ್ಯಾನ್ ಮಾಡಿಸಿ. ನಾಳೆಯೇ. ಆಸನ ಎಲ್ಲಿಗೂ ಓಡಿಹೋಗಲ್ಲ. ಶಿಬಿರಕ್ಕೆ ಅಡ್ವಾನ್ಸ್ ಕೊಟ್ಟಿದ್ದರೆ ಮಾತ್ರ ಮರೆತುಬಿಡಿ. ನನಗೆ ಇವತ್ತಿಗೂ ಒಂದು ರೂಪಾಯಿ ಬಂದಿಲ್ಲ.

ಸಾವಿರ ಮೆಟ್ಟಿಲು: ಶಿಬಿರ ಪೂರ್ತಿ ಮುಗಿಸಿ ಆಮೇಲೆ ದುಡ್ಡು ವಾಪಸ್ ಕೇಳಿದರೆ ಯಾರು ಕೊಡುತ್ತಾರೆ?

ಎಚ್‌ಬಿ ಆರು: ಮುಂದಿನ ಹಂತಕ್ಕೂ ಸೇರಿಸಿ ಕಟ್ಟಿಸಿಕೊಂಡಿದ್ದರು ಮೇಡಂ, ಇನ್ನೊಂದು 18,000. ಆ ಹೊತ್ತಿಗೆ ನಾನು ಆಸ್ಪತ್ರೆಯಲ್ಲಿದ್ದೆ.

ಗೋಕುಲಂ ಎಳನೀರು: ಜಿಎಸ್‌ಟಿ ಹಾಕಿದ್ದರು ಅಂದಿರಲ್ಲ, ಬಿಲ್ಲಿನಲ್ಲಿ ಜಿಎಸ್‌ಟಿ ನಂಬರ್ ಇತ್ತಾ?

ಎಚ್‌ಬಿ ಆರು: ಬಿಲ್ಲೆಲ್ಲಿ ಬಂತು? ಕೈಬರಹದ ಚೀಟಿ. ಮೇಲೆ ಕುಂಕುಮದ ಬೊಟ್ಟು.

ಗೋಕುಲಂ ಎಳನೀರು: ಆ ಚೀಟಿ ಬಿಸಾಡಬೇಡಿ. ಗ್ರಾಹಕರ ವೇದಿಕೆಗೆ ಹಾಕಿ, 1915ಕ್ಕೆ ಫೋನ್ ಮಾಡಿದರೆ ಹೇಗೆ ಅಂತ ಹೇಳುತ್ತಾರೆ. ದುಡ್ಡು ಕಟ್ಟಿ ಎರಡು ವರ್ಷ ಆಗಿಲ್ಲ ತಾನೇ?