ಅಪ್‌ಡೇಟ್: ಕ್ಯಾಮಲ್‌ನ ಮೇಲಿನ ರೆಕ್ಕೆ ಕೊನೆಗೂ ನೆಟ್ಟಗೆ ಕೂತಿತು

ಮೊದಲ ಮಹಾಯುದ್ಧದ, ಒಂದರ ಮೇಲೊಂದು ರೆಕ್ಕೆಯಿದ್ದ ಬ್ರಿಟಿಷ್ ಯುದ್ಧವಿಮಾನ ಸಾಪ್‌ವಿತ್ ಕ್ಯಾಮಲ್‌ನ 1/48 ಅಳತೆಯ ಮಾಡೆಲ್‌ನಲ್ಲಿ ಮೇಲಿನ ರೆಕ್ಕೆ ಒಂದು ಕಡೆ ವಾಲುತ್ತಿದೆ, ಏನು ಮಾಡಲಿ ಎಂದು ಕೇಳಿದ್ದೆ. ಸರಿಹೋಯಿತು! ತಪ್ಪು ಇದ್ದದ್ದು ಕೆಳಗಿನ ರೆಕ್ಕೆಯಲ್ಲಿ. ಕ್ಯಾಮಲ್‌ನಲ್ಲಿ ಮೇಲಿನದು ನೇರ, ಕೆಳಗಿನದು ಮಾತ್ರ ತುದಿಗಳ ಕಡೆ ಮೇಲಕ್ಕೆ ಏರುತ್ತದೆ. ನನ್ನದರಲ್ಲಿ ಎಡಗಡೆ ಜಾಸ್ತಿ ಏರಿತ್ತು. ಬಿಡಿಸಿ, ಎರಡೂ ತುದಿಗೆ ಒಂದೇ ಎತ್ತರದ ರಟ್ಟು ಆಸರೆ ಕೊಟ್ಟು, ರಾತ್ರಿಯಿಡೀ ಅಂಟು ಒಣಗಲು ಬಿಟ್ಟೆ.

ನೀವು ಹೇಳಿದಂತೆ ಮೇಲಿನ ರೆಕ್ಕೆಗೆ ಮೊದಲೇ ಬಣ್ಣ ಹಚ್ಚಿದ್ದು ಒಳ್ಳೆಯದಾಯಿತು. ಕೂರಿಸಿದ ಮೇಲೆ ಎರಡು ರೆಕ್ಕೆಗಳನ್ನು ಜೋಡಿಸುವ ಕಡ್ಡಿಗಳ ನಡುವೆ ಬ್ರಷ್ ಹೋಗುವುದೇ ಇಲ್ಲ, ಅಲ್ವಾ? ರೆಕ್ಕೆಯ ಮೇಲಿನ ಬ್ರಿಟಿಷ್ ಗುರುತಿನ ವೃತ್ತಗಳನ್ನೂ ಕೈಯಲ್ಲೇ ಬರೆದೆ. ಮೊದಲು ಪೂರ್ತಿ ಬಿಳಿ, ಆಮೇಲೆ ಹೊರಗೆ ನೀಲಿ, ನಡುವೆ ಕೆಂಪು. ಎಷ್ಟು ಖುಷಿಯಾಯಿತು ಗೊತ್ತಾ!

ಇನ್ನು ರೆಕ್ಕೆಗಳ ನಡುವೆ ಬಿಗಿಯುವ ತಂತಿಗಳ ಸರದಿ. ಅದಕ್ಕೆ ಹಿಗ್ಗುವ ದಾರ ತಂದಿಟ್ಟಿದ್ದೇನೆ. ಎಲ್ಲರಿಗೂ ತುಂಬಾ ಥ್ಯಾಂಕ್ಸ್.