ಮಗ್ಗ ನೇಯುವ ಅಪ್ಪನಿಗೆ ಆಂಜಿಯೋಗ್ರಾಮ್: ಬಲಗೈಯಿಂದಲೋ, ಎಡಗೈಯಿಂದಲೋ, ತೊಡೆಯಿಂದಲೋ?

ಇಳಕಲ್ ಮಗಳು

ಎಲ್ಲರಿಗೂ ನಮಸ್ಕಾರ. ನಮ್ಮಪ್ಪನಿಗೆ 61 ವರ್ಷ. ಚಿಕ್ಕಂದಿನಿಂದ ಕುಣಿ ಮಗ್ಗದಲ್ಲಿ ಸೀರೆ ನೇಯುತ್ತಾ ಬಂದವರು. ಎರಡು ತಿಂಗಳಿಂದ ಸ್ವಲ್ಪ ದೂರ ನಡೆದರೂ ಎದೆ ಹಿಡಿದಂತಾಗುತ್ತದೆ, ಕೂತರೆ ಹೋಗುತ್ತದೆ. ಬಾಗಲಕೋಟೆಯಲ್ಲಿ ತೋರಿಸಿದೆವು. ಟಿಎಂಟಿ (ಯಂತ್ರದ ಮೇಲೆ ನಡೆಸಿ ಹೃದಯ ನೋಡುವ ಪರೀಕ್ಷೆ) ನೋಡಿ ಆಂಜಿಯೋಗ್ರಾಮ್ ಆಗಲೇಬೇಕು, ಅಂದರೆ ರಕ್ತನಾಳದೊಳಗೆ ಸಣ್ಣ ನಳಿಕೆ ಹಾಯಿಸಿ ಹೃದಯದ ನಾಳಗಳನ್ನು ಎಕ್ಸ್‌ರೇಯಲ್ಲಿ ನೋಡಬೇಕು, ಬ್ಲಾಕ್ ಇದ್ದರೆ ಸ್ಟೆಂಟ್ (ನಾಳ ತೆರೆದಿಡುವ ಸಣ್ಣ ಜಾಲರಿ) ಹಾಕಬೇಕಾಗಬಹುದು ಅಂದರು. ಮುಂದಿನ ವಾರಕ್ಕೆ ತಾರೀಖು ಕೊಟ್ಟಿದ್ದಾರೆ.

ಬಲಗೈ ಮಣಿಕಟ್ಟಿನಿಂದ ಮಾಡುತ್ತಾರಂತೆ. ಅಪ್ಪ ಒಪ್ಪುತ್ತಿಲ್ಲ. ಲಾಳಿಯ ಹಗ್ಗ ಎಳೆಯುವುದು ಅದೇ ಕೈಯಲ್ಲಿ. "ಕೈ ಹೋದರೆ ಮಗ್ಗ ಹೋದಂಗ, ತೊಡಿಯಿಂದ ಮಾಡಂತ ಹೇಳವ್ವಾ" ಅಂತ ಒಂದೇ ಹಟ. ನಿನ್ನೆ ರಾತ್ರಿ ಊಟಕ್ಕೆ ಕೂತಾಗ ಬಲಗೈ ಮಣಿಕಟ್ಟನ್ನು ಎಡಗೈಯಲ್ಲಿ ಹಿಡಿದುಕೊಂಡು ಸುಮ್ನೆ ನೋಡುತ್ತಿದ್ದರು. ನನಗೆ ಕರುಳು ಕಿವುಚಿದಂತಾಯಿತು.

ಕೈಯಿಂದ ಮಾಡಿದರೆ ಕೈಯ ಶಕ್ತಿ ಹೋಗುತ್ತದಾ? ಎಡಗೈಯಿಂದ ಮಾಡಿ ಅಂತ ಕೇಳಬಹುದಾ? ಅಪ್ಪನಿಗೆ 15 ವರ್ಷದಿಂದ ಸಕ್ಕರೆ ಕಾಯಿಲೆ ಇದೆ, ಕಿಡ್ನಿಯ ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ 2.1 ಬಂದಿದೆ. ಇದಕ್ಕೂ ಕೈಗೂ ಸಂಬಂಧ ಇಲ್ಲ ಅಂದುಕೊಂಡಿದ್ದೇನೆ, ಆದರೂ ಹೇಳಿದ್ದೇನೆ.

ವಿಜಯಪುರದ ಅಕ್ಕ

ತಂಗಿ, ನಮ್ಮ ಅವ್ವನಿಗೆ ಎರಡೂ ಆಗಿದೆ, ಅದಕ್ಕೇ ಬರೆಯುತ್ತಿದ್ದೇನೆ. ಮೊದಲ ಸಲ ತೊಡೆಸಂದಿಯಿಂದ ಮಾಡಿದರು. ಆಮೇಲೆ ಆರು ತಾಸು ಕಾಲು ಅಲುಗಾಡಿಸದೆ ಅಂಗಾತ ಮಲಗಬೇಕು ಅಂದರು. ಅವ್ವನಿಗೆ ಮೊದಲೇ ಸೊಂಟನೋವು, ಬೆಡ್‌ಪ್ಯಾನ್ ಅಂದರೆ ನಾಚಿಕೆ, ರಾತ್ರಿ ನಾನು ಕಣ್ಣು ಮುಚ್ಚಿದ ಹೊತ್ತಲ್ಲಿ ತಾನೇ ಎದ್ದು ಬಚ್ಚಲಿಗೆ ಹೊರಟಿದ್ದಾಳೆ. ಎರಡು ಹೆಜ್ಜೆ ಇಟ್ಟಿದ್ದಾಳೋ ಇಲ್ಲವೋ, ಸೀರೆಯೆಲ್ಲ ರಕ್ತ. ನರ್ಸ್ ಓಡಿ ಬಂದು ಅರ್ಧ ತಾಸು ಗಟ್ಟಿಯಾಗಿ ಒತ್ತಿ ಹಿಡಿದಳು. ತೊಡೆ ಹದಿನೈದು ದಿನ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು.

ಎರಡನೇ ಸಲ ಮಣಿಕಟ್ಟಿನಿಂದ. ಟೇಬಲ್ಲಿನಿಂದ ಇಳಿದು ಬಂದು ಕೂತಳು, ಎಡಗೈಯಲ್ಲೇ ರೊಟ್ಟಿ ಮುರಿದು ತಿಂದಳು. ಅಷ್ಟೇ ವ್ಯತ್ಯಾಸ, ಆದರೆ ನನಗೆ ಅದು ದೊಡ್ಡದು. ನಿಮ್ಮಪ್ಪ ಕುಣಿಯಲ್ಲಿ ಕಾಲಿಳಿಸಿ ಕೂತು ತುಳಿಯುವವರು, ತೊಡೆಸಂದಿಗೆ ಏನಾದರೂ ಆದರೆ ಮಗ್ಗಕ್ಕೆ ಅದೇ ಜಾಸ್ತಿ ತೊಂದರೆ ಅಲ್ವಾ? ಅವರಿಗೆ ಹೀಗೇ ಹೇಳಿ ನೋಡಿ.

ಹೆಣ್ಣುಮಕ್ಕಳು ಯಾರಾದರೂ ಇದನ್ನು ಓದುತ್ತಿದ್ದರೆ: ಎರಡೂ ಕೈಯ ಬಳೆ ತೆಗೆಸುತ್ತಾರೆ. ಬಾಗಿಲಲ್ಲಿ ನಿಂತು ಗಾಜಿನ ಹಸಿರು ಬಳೆ ಒಡೆಯಬೇಕಾದರೆ ಅವ್ವಂದಿರು ಅಳುತ್ತಾರೆ. ಮನೆಯಲ್ಲೇ ಸೋಪು ಹಚ್ಚಿ ಮೆತ್ತಗೆ ತೆಗೆಸಿಕೊಂಡು ಹೋಗಿ.

ಕ್ಯಾಥ್‌ಲ್ಯಾಬ್ ಟೆಕ್ನೀಷಿಯನ್, ಬೆಳಗಾವಿ

ಮೇಡಂ, ನಾನು ಡಾಕ್ಟರ್ ಅಲ್ಲ, ಆದರೆ ಹನ್ನೊಂದು ವರ್ಷದಿಂದ ಕ್ಯಾಥ್‌ಲ್ಯಾಬಿನಲ್ಲಿದ್ದೇನೆ, ಅಂದರೆ ಆಂಜಿಯೋಗ್ರಾಮ್ ಮಾಡುವ ಕೋಣೆಯಲ್ಲಿ. ನೀವು ಕೊನೆಯಲ್ಲಿ ಬರೆದ ಕ್ರಿಯಾಟಿನಿನ್ ಮಾತೇ ಇಲ್ಲಿ ಮುಖ್ಯ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಅಪ್ಪನ ಭಯ. ಅಂಗೈಗೆ ರಕ್ತ ಬರುವುದು ಒಂದೇ ನಾಳದಿಂದ ಅಲ್ಲ. ಹೆಬ್ಬೆರಳಿನ ಕಡೆ ಒಂದು, ನಾಡಿ ಹಿಡಿದು ನೋಡುತ್ತೇವಲ್ಲ, ಅದು. ಕಿರುಬೆರಳಿನ ಕಡೆ ಇನ್ನೊಂದು. ಎರಡೂ ಅಂಗೈಯೊಳಗೆ ಕಮಾನಿನ ಹಾಗೆ ಕೂಡಿಕೊಳ್ಳುತ್ತವೆ. ಆದ್ದರಿಂದ ನಾವು ಚುಚ್ಚಿದ ನಾಳ ಮುಂದೆ ಮುಚ್ಚಿಕೊಂಡರೂ ಬಹಳ ಜನಕ್ಕೆ ಅದು ಗೊತ್ತೇ ಆಗುವುದಿಲ್ಲ. ಕೈಯ ಶಕ್ತಿ ಹೋಗುವುದು ತೀರಾ ಅಪರೂಪ.

ಮುಚ್ಚದ ಹಾಗೆ ನೋಡಿಕೊಳ್ಳುವುದೂ ನಮ್ಮ ಕೆಲಸವೇ. ಆ ನಾಳದ ಅಗಲ ಎರಡೂವರೆ ಮಿಲಿಮೀಟರ್ ಆಸುಪಾಸು, ಕೆಲವರಿಗೆ ಇನ್ನೂ ಸಣ್ಣದು. ನಾವು ಹಾಕುವ 6 ಫ್ರೆಂಚ್ (ಫ್ರೆಂಚ್ ಅಂದರೆ ದಪ್ಪದ ಅಳತೆ) ಶೀಥಿನ, ಅಂದರೆ ನಳಿಕೆಯ, ಹೊರಮೈಯೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಬರೀ ಆಂಜಿಯೋಗ್ರಾಮ್ ಆದರೆ 5 ಫ್ರೆಂಚ್ ಸಾಕು. ನಾಳ ಬಿಗಿದುಕೊಳ್ಳದಿರಲಿ ಅಂತ ಒಂದು ಔಷಧಿ, ಹೆಪ್ಪುಗಟ್ಟದಿರಲಿ ಅಂತ ಹೆಪಾರಿನ್ ಕೊಡುತ್ತಾರೆ. ಮುಗಿದ ಮೇಲೆ ಮಣಿಕಟ್ಟಿಗೆ ಪ್ಲಾಸ್ಟಿಕ್ ಬ್ಯಾಂಡ್ ಕಟ್ಟಿ ಸಿರಿಂಜಿನಿಂದ ಗಾಳಿ ತುಂಬುತ್ತೇವೆ. ಆಮೇಲೆ ಸ್ವಲ್ಪ ಸ್ವಲ್ಪವೇ ಬಿಡುತ್ತೇವೆ, ಒಂದು ಹನಿ ರಕ್ತ ಕಂಡ ಕೂಡಲೇ ಒಂದೆರಡು ಎಂಎಲ್ ವಾಪಸ್ ತುಂಬಿ ನಿಲ್ಲಿಸುತ್ತೇವೆ. ರಕ್ತ ಹೊರಗೆ ಬರಬಾರದು, ಒಳಗೆ ಹರಿಯುವುದೂ ನಿಲ್ಲಬಾರದು, ಅಷ್ಟೇ ಒತ್ತಡ. ಜೋರಾಗಿ ಬಿಗಿದುಬಿಟ್ಟರೆ ನಾಳ ಮುಚ್ಚುವುದು ಆಗಲೇ.

ಇದು ಹೊಸ ಪ್ರಯೋಗವೂ ಅಲ್ಲ. ಮಾಂಟ್ರಿಯಲ್‌ನ ಕ್ಯಾಂಪೋ ಅನ್ನುವ ಡಾಕ್ಟರ್ 1989ರಲ್ಲೇ ಕೈಯಿಂದ ಆಂಜಿಯೋಗ್ರಾಮ್ ಮಾಡಿ ಬರೆದರು, 1992ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಕಿಮೆನೈ ಅನ್ನುವ ಡಾಕ್ಟರ್ ಕೈಯಿಂದಲೇ ಆಂಜಿಯೋಪ್ಲಾಸ್ಟಿ, ಅಂದರೆ ಬ್ಲಾಕ್ ತೆರೆಯುವುದನ್ನು, ಶುರು ಮಾಡಿದರು. 2011ರಲ್ಲಿ ರೈವಲ್ ಅನ್ನುವ ಅಧ್ಯಯನ ಬಂತು, 7021 ರೋಗಿಗಳು. ರಕ್ತನಾಳದ ದೊಡ್ಡ ತೊಂದರೆ ತೊಡೆಯಿಂದ ಮಾಡಿದವರಲ್ಲಿ ನೂರಕ್ಕೆ 3.7, ಕೈಯಿಂದ ಮಾಡಿದವರಲ್ಲಿ 1.4. ತೊಡೆ ಬೇಕಾಗುವ ಕೇಸ್ ಇಲ್ಲ ಅಂತಲ್ಲ. ಕವಾಟದಂಥ ದಪ್ಪ ಸಾಮಾನು ಒಳಗೆ ಹೋಗಬೇಕಾದರೆ, ಕೈಯ ನಾಳ ತೀರಾ ಸಣ್ಣದಾಗಿ ಅಥವಾ ಸುತ್ತಿಕೊಂಡು ಇದ್ದರೆ ಅಲ್ಲಿಗೇ ಹೋಗಬೇಕು. ಹಾಗಾಗಿ ಎರಡೂ ಕಡೆ ಕೂದಲು ತೆಗೆದು ತಯಾರಿ ಮಾಡುತ್ತಾರೆ, ಅದನ್ನು ನೋಡಿ ಗಾಬರಿಯಾಗಬೇಡಿ.

ಈಗ ಕ್ರಿಯಾಟಿನಿನ್. 2.1 ಅಂದರೆ ಕಿಡ್ನಿ ಸಾಕಷ್ಟು ಸೋತಿದೆ. ದೇವರು ಹಾಗೆ ಮಾಡದಿರಲಿ, ಮುಂದೆ ಡಯಾಲಿಸಿಸ್ ಬೇಕಾದರೆ ಕೈಯ ಇದೇ ನಾಳಕ್ಕೆ ಪಕ್ಕದ ರಕ್ತನಾಳ ಜೋಡಿಸಿ ಫಿಸ್ಟುಲಾ, ಅಂದರೆ ಡಯಾಲಿಸಿಸ್ ಸೂಜಿ ಹಾಕುವ ಜಾಗ, ಮಾಡುತ್ತಾರೆ. ಸಾಮಾನ್ಯವಾಗಿ ಕೆಲಸ ಕಡಿಮೆ ಮಾಡುವ ಕೈಗೆ, ಅಂದರೆ ಅಪ್ಪನಿಗೆ ಎಡಗೈಗೆ. ನೀವು ಎಡಗೈಯಿಂದ ಮಾಡಿ ಅಂತ ಕೇಳಲು ಹೊರಟಿದ್ದೀರಿ, ದಯವಿಟ್ಟು ನಿಲ್ಲಿ. ಮೊದಲು ಕಿಡ್ನಿ ಡಾಕ್ಟರನ್ನು ಕೇಳಿ.

ಜಮಖಂಡಿ ತಮ್ಮ

ಟೆಕ್ನೀಷಿಯನ್ ಸರ್ ಹೇಳಿದ್ದು ನಮ್ಮ ಮನೆಯಲ್ಲಿ ನಡೆದುಹೋಗಿದೆ. ನಮ್ಮಣ್ಣನಿಗೆ ಮೂರು ವರ್ಷದಲ್ಲಿ ಎರಡು ಸಲ ಆಂಜಿಯೋಗ್ರಾಮ್ ಆಯಿತು, ಒಂದು ಸಲ ಬಲಗೈ, ಒಂದು ಸಲ ಎಡಗೈ. ಕಿಡ್ನಿ ವೀಕ್ ಇದೆ ಅಂತ ನಾವೂ ಒತ್ತಿ ಹೇಳಲಿಲ್ಲ, ಅವರೂ ಕೇಳಲಿಲ್ಲ. ಡಯಾಲಿಸಿಸ್ ಹೊತ್ತಿಗೆ ಸ್ಕ್ಯಾನ್ ಮಾಡಿದರೆ ಎರಡೂ ಮಣಿಕಟ್ಟಿನ ನಾಳ ಮುಚ್ಚಿವೆ. ಫಿಸ್ಟುಲಾವನ್ನು ಮೊಣಕೈ ಹತ್ತಿರ ಮಾಡಬೇಕಾಯಿತು, ಅದು ತಯಾರಾಗುವ ತನಕ ಕುತ್ತಿಗೆಗೆ ನಳಿಕೆ. ಜ್ವರ ಬಂತಾ, ನಳಿಕೆಗೆ ಕೀವಾಯಿತಾ ಅಂತ ದಿನಾ ಹೆದರಿಕೆ. ಹೃದಯ ಉಳಿಯಿತು, ಅದು ದೊಡ್ಡದೇ. ಆದರೆ ಒಂದು ಮಾತು ಮೊದಲೇ ಆಡಿದ್ದರೆ ಅಷ್ಟು ದಿನದ ನರಳಾಟ ತಪ್ಪುತ್ತಿತ್ತೇನೋ ಅಂತ ಇವತ್ತಿಗೂ ಅನಿಸುತ್ತದೆ. ಅಕ್ಕಾ, ನೀವು ಹೇಳಿ, ಗಟ್ಟಿಯಾಗಿಯೇ ಹೇಳಿ.

ಇನ್ನೊಂದು. ರಕ್ತ ತೆಗೆಯುವವರಿಗೆ, ಸಲೈನ್ ಹಾಕುವವರಿಗೆ ಎಡ ಮುಂಗೈ ಕೊಡಬೇಡಿ. ಹಸ್ತದ ಹಿಂಭಾಗದಲ್ಲಿ ಚುಚ್ಚಲಿ.

ಇಳಕಲ್ ಮಗಳು

ಓದಿ ಕೈ ನಡುಗಿತು. ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಟೆಕ್ನೀಷಿಯನ್ ಸರ್, ಹಾಗಾದರೆ ಉಳಿದಿದ್ದು ಬಲಗೈ ಅಥವಾ ತೊಡೆ ಅಷ್ಟೇನಾ?

ಕ್ಯಾಥ್‌ಲ್ಯಾಬ್ ಟೆಕ್ನೀಷಿಯನ್, ಬೆಳಗಾವಿ

ಇನ್ನೊಂದು ಜಾಗ ಇದೆ. ಹೆಬ್ಬೆರಳನ್ನು ಮೇಲಕ್ಕೆ ಎತ್ತಿ ಹಿಡಿಯಿರಿ. ಅದರ ಬುಡದಲ್ಲಿ, ಹಸ್ತದ ಹಿಂಬದಿಗೆ, ಒಂದು ಗುಳಿ ಬೀಳುತ್ತದೆ. ಹಿಂದೆ ನಶ್ಯ ಏರಿಸುವವರು ಪುಡಿ ಇಟ್ಟುಕೊಳ್ಳುತ್ತಿದ್ದ ಗುಳಿ. ಅಲ್ಲೂ ಅದೇ ನಾಳ ಹಾದು ಹೋಗುತ್ತದೆ, ಮೆತ್ತಗೆ ಒತ್ತಿದರೆ ಬಡಿತ ಸಿಗುತ್ತದೆ. ಅಲ್ಲಿಂದ ಮಾಡಿದರೆ ಮುಂಗೈಯೊಳಗಿನ ನಾಳ ಮುಚ್ಚುವುದು ಕಡಿಮೆ. ಆಗಲೇ ಹೇಳಿದ ಕಿಮೆನೈ ಅವರೇ 2017ರಲ್ಲಿ ಎಡಗೈಯ ಈ ಗುಳಿಯಿಂದ ಮಾಡಿದ್ದರ ಬಗ್ಗೆ ಬರೆದರು. ನಾಳ ಅಲ್ಲಿ ಇನ್ನೂ ಸಣ್ಣದು, ಚುಚ್ಚಲು ಕೈ ಪಳಗಿರಬೇಕು, ಅಲ್ಟ್ರಾಸೌಂಡ್ ಇದ್ದರೆ ಸುಲಭ. ಎಲ್ಲ ಡಾಕ್ಟರೂ ಮಾಡುವುದಿಲ್ಲ. "ಗುಳಿಯಿಂದ ಆಗುತ್ತದಾ ಸರ್" ಅಂತ ಕೇಳಿ, ಆಗಲ್ಲ ಅಂದರೆ ಬಲವಂತ ಬೇಡ. ಅವರ ಕೈಗೆ ರೂಢಿಯಿರುವ ದಾರಿಯೇ ಅಪ್ಪನಿಗೆ ಕ್ಷೇಮ.

ಎಕ್ಸ್‌ರೇಗೆ ಹಾಕುವ ಬಣ್ಣದ ಔಷಧಿ ಕಿಡ್ನಿಗೆ ಹೊರೆ. ಸಲೈನ್ ಎಷ್ಟು, ಸಕ್ಕರೆ ಮಾತ್ರೆ ಯಾವತ್ತಿನಿಂದ ನಿಲ್ಲಿಸಬೇಕು, ಇದನ್ನೂ ಆಗಲೇ ಕೇಳಿಕೊಳ್ಳಿ.

ಇಳಕಲ್ ಮಗಳು

ಹನ್ನೆರಡು ದಿನ ಆದ ಮೇಲೆ ಬರೆಯುತ್ತಿದ್ದೇನೆ. ಕಿಡ್ನಿ ಡಾಕ್ಟರ್ ಎಡಗೈ ಮುಟ್ಟಲೇಬೇಡಿ ಅಂತ ಚೀಟಿಯಲ್ಲಿ ಬರೆದುಕೊಟ್ಟರು. ಹಾರ್ಟ್ ಡಾಕ್ಟರ್ ಅದನ್ನು ಪೂರ್ತಿ ಓದಿ, ಅಪ್ಪನ ಬಲಗೈ ಹಿಡಿದು ಗುಳಿಯ ಜಾಗ ಒತ್ತಿ ನೋಡಿ, ಇಲ್ಲಿಂದಲೇ ಮಾಡೋಣ ಅಂದರು. ಒಂದು ಸ್ಟೆಂಟ್ ಬಿತ್ತು. ಮೂರನೇ ದಿನಕ್ಕೆ ಕ್ರಿಯಾಟಿನಿನ್ 2.2, ಗಾಬರಿ ಇಲ್ಲ ಅಂದಿದ್ದಾರೆ.

ಒಂದು ವಾರ ಬಿಂದಿಗೆ ಕೂಡ ಎತ್ತಲು ಬಿಡಲಿಲ್ಲ. ನಿನ್ನೆ ಡಾಕ್ಟರನ್ನು ಕೇಳಿ ಮಗ್ಗಕ್ಕೆ ಇಳಿದರು. ನಾಲ್ಕು ಬೆರಳಷ್ಟು ಅಂಚು ನೇಯ್ದು, ಕೈ ಒದರಿ, ಮತ್ತೆ ಹಗ್ಗ ಹಿಡಿದರು. ಹೆಬ್ಬೆರಳ ಬುಡದಲ್ಲಿ ಸ್ವಲ್ಪ ಜೋಮು ಹಿಡಿದಂತಿದೆಯಂತೆ. ಇದು ಮಾಮೂಲಾ ಸರ್?

ಕ್ಯಾಥ್‌ಲ್ಯಾಬ್ ಟೆಕ್ನೀಷಿಯನ್, ಬೆಳಗಾವಿ

ತುಂಬಾ ಖುಷಿಯಾಯಿತು ಮೇಡಂ. ಆ ಜಾಗದಲ್ಲಿ ಚರ್ಮದ ಒಂದು ಸಣ್ಣ ನರ ಹಾದುಹೋಗುತ್ತದೆ. ಕೆಲವರಿಗೆ ಹೀಗೆ ಜೋಮು ಬರುತ್ತದೆ, ಹೆಚ್ಚಿನವರಿಗೆ ತಾನೇ ಕಡಿಮೆಯಾಗುತ್ತದೆ. ಮುಂದಿನ ಸಲ ತೋರಿಸಲು ಹೋದಾಗ ಡಾಕ್ಟರಿಗೂ ಹೇಳಿ. ಬೆರಳು ತಣ್ಣಗಾದರೆ, ಬಣ್ಣ ಕಪ್ಪಿಟ್ಟರೆ, ಗುಳಿಯ ಹತ್ತಿರ ಗಂಟು ಎದ್ದು ಮಿಡಿಯುತ್ತಿದ್ದರೆ ಕಾಯಬೇಡಿ, ಅವತ್ತೇ ಹೊರಡಿ. ಸ್ಟೆಂಟಿಗೆ ಕೊಟ್ಟ ಎರಡು ರಕ್ತ ತೆಳುವಾಗಿಸುವ ಮಾತ್ರೆಗಳನ್ನು ಯಾರು ಹೇಳಿದರೂ, ಹಲ್ಲು ಕೀಳಿಸುವವರು ಹೇಳಿದರೂ, ಹಾರ್ಟ್ ಡಾಕ್ಟರನ್ನು ಕೇಳದೆ ಒಂದು ದಿನವೂ ಬಿಡಬೇಡಿ.